ಕ್ಷಿಪ್ತ, ದೀಪ್ತ ಮತ್ತು ನಡುವಿನ ಕಾಲ: ಬೈಪೋಲಾರ್ ಬದುಕಿನ ಬರಹಗಳು

ಛೇದಸೂತ್ರಗಳನ್ನು ಸಾಹಿತ್ಯದ ವಿದ್ಯಾರ್ಥಿಗಳು ಸಾಮಾನ್ಯವಾಗಿ ಓದುವುದಿಲ್ಲ. ಅವು ಶ್ವೇತಾಂಬರ ಆಗಮಕ್ಕೆ ಸೇರಿದವು. ಮುನಿಸಂಘದ ಆಚಾರ, ಸ್ಖಲನ, ಪ್ರಾಯಶ್ಚಿತ್ತಗಳು ಅವುಗಳ ವಸ್ತು. ದಿಗಂಬರ ಪರಂಪರೆ ಪ್ರಧಾನವಾಗಿರುವ ಕರ್ನಾಟಕದಲ್ಲಿ ಅವುಗಳ ಪರಿಚಯ ಇನ್ನೂ ವಿರಳ. ಅಂಥ ಗ್ರಂಥಗಳಲ್ಲೊಂದಾದ ವ್ಯವಹಾರಸೂತ್ರದ ಎರಡನೆಯ ಉದ್ದೇಶದಲ್ಲಿ ಸಂಘದೊಳಗೆ ಅಸ್ವಸ್ಥರಾದ ಭಿಕ್ಷುಗಳ ಒಂದು ಪಟ್ಟಿ ಬರುತ್ತದೆ. ಅದರಲ್ಲಿ ಒಂದರ ಪಕ್ಕ ಒಂದಾಗಿ ನಿಂತ ಎರಡು ಪ್ರಾಕೃತ ಪದಗಳಿವೆ: ಖಿತ್ತಚಿತ್ತ ಮತ್ತು ದಿತ್ತಚಿತ್ತ. ಸಂಸ್ಕೃತದಲ್ಲಿ ಕ್ಷಿಪ್ತಚಿತ್ತ, ದೀಪ್ತಚಿತ್ತ. ಭಯ, ದುಃಖ, ಅವಮಾನಗಳಿಂದ ಚೆದುರಿಹೋದ ಮನಸ್ಸು ಮೊದಲನೆಯದು. ಸನ್ಮಾನ, ಲಾಭ, ಹರ್ಷಗಳಿಂದ ಉರಿಯೆದ್ದ ಮನಸ್ಸು ಎರಡನೆಯದು. ಸೌದೆ ಸಿಕ್ಕ ಬೆಂಕಿಯ ಹೋಲಿಕೆಯನ್ನು ಭಾಷ್ಯಕಾರರು ಇದಕ್ಕೆ ಕೊಡುತ್ತಾರೆ. ಯಕ್ಷಾವಿಷ್ಟ, ಉನ್ಮಾದಪ್ರಾಪ್ತ ಎಂಬ ಬೇರೆ ಎರಡು ವರ್ಗಗಳೂ ಅದೇ ಪಟ್ಟಿಯಲ್ಲಿ ಪ್ರತ್ಯೇಕವಾಗಿರುವುದರಿಂದ ಸೂತ್ರಕಾರರು ಎಲ್ಲ ಮರುಳನ್ನೂ ಒಂದೇ ಗಂಟಿಗೆ ಕಟ್ಟಿಲ್ಲವೆಂಬುದು ಸ್ಪಷ್ಟ.

ದೀಪ್ತಚಿತ್ತಕ್ಕೆ ಭಾಷ್ಯಗಳು ಕೊಡುವ ಲೌಕಿಕ ದೃಷ್ಟಾಂತ ಪ್ರತಿಷ್ಠಾನದ ಸಾತವಾಹನ ರಾಜನದು. ಮಧುರೆಯನ್ನು ಗೆದ್ದು ಬಾ ಎಂದು ಆತ ದಂಡನಾಯಕನಿಗೆ ಆಜ್ಞಾಪಿಸಿದ. ಉತ್ತರದ ಮಧುರೆಯೋ ದಕ್ಷಿಣದ ಮಧುರೆಯೋ ಎಂದು ಕೇಳುವ ಧೈರ್ಯವಾಗದೆ ಸೇನೆ ಎರಡಾಗಿ ಹೊರಟು ಎರಡನ್ನೂ ಗೆದ್ದಿತು. ಆ ಸುದ್ದಿ, ಪಟ್ಟದರಸಿಗೆ ಮಗ ಹುಟ್ಟಿದ ಸುದ್ದಿ, ನಿಧಿ ಸಿಕ್ಕ ಸುದ್ದಿ, ಮೂರೂ ಒಟ್ಟಿಗೆ ಬಂದವು. ರಾಜ ಹರ್ಷವನ್ನು ತಾಳಲಾರದೆ ಮಂಚ, ಕಂಬ, ಗೋಡೆಗಳನ್ನು ಬಡಿಯತೊಡಗಿದ. ಮಂತ್ರಿ ಖರಕ ಉಪದೇಶಕ್ಕೆ ಹೋಗಲಿಲ್ಲ. ತಾನೂ ಕಂಬ ಗೋಡೆಗಳನ್ನು ಒಡೆದು ಹಾಕಿದ. ಇದು ಯಾರ ಕೆಲಸವೆಂದು ರಾಜ ಕೇಳಿದಾಗ ತಮ್ಮದೇ ಎಂದ. ರಾಜನ ಸಿಟ್ಟು ಮಂತ್ರಿಯ ಮೇಲೆ ತಿರುಗಿತು. ಅಲ್ಲಿಂದಲೇ ಆತ ಸ್ವಸ್ಥಿತಿಯತ್ತಲೂ ತಿರುಗಿದ. ಉಬ್ಬರದಲ್ಲಿರುವವನ ಸಿಟ್ಟನ್ನು ಮೊದಲು ಉಣ್ಣುವವನು ಅವನನ್ನು ನೋಡಿಕೊಳ್ಳುವವನೇ ಎಂಬ ಸೂಕ್ಷ್ಮ ಈ ಪುಟ್ಟ ಕಥೆಯಲ್ಲಿದೆ.

ಕಥೆಗಿಂತ ನನಗೆ ಮುಖ್ಯವಾಗಿ ಕಾಣುವುದು ಸೂತ್ರದ ವಿಧಿ. ಅಂಥ ಭಿಕ್ಷುವನ್ನು ಗಣಾವಚ್ಛೇದಕನು ಗಣದಿಂದ ಹೊರಹಾಕಕೂಡದು. ರೋಗದಿಂದ ಬಿಡುಗಡೆಯಾಗುವವರೆಗೆ ದಣಿವಿಲ್ಲದೆ ಅವನ ವೈಯಾವೃತ್ಯ ಮಾಡಬೇಕು. ಅನಂತರ ಅತಿ ಲಘುವಾದ ಪ್ರಾಯಶ್ಚಿತ್ತವನ್ನು ವಿಧಿಸಬೇಕು. ಗ್ಲಾನರ, ಎಂದರೆ ರೋಗಿಗಳ, ಸೇವೆಯನ್ನು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವೂ ಆಭ್ಯಂತರ ತಪಸ್ಸಿನಲ್ಲೇ ಎಣಿಸಿರುವುದರಿಂದ ಇದು ಒಂದು ಪಂಥದ ಮಾತಾಗಿ ಉಳಿಯುವುದಿಲ್ಲ. ಗಮನಿಸಬೇಕಾದದ್ದು ಮೂರನೆಯ ಹಂತ. ರೋಗ ಬಂತು, ರೋಗ ಹೋಯಿತು ಎಂದು ಸೂತ್ರ ಅಲ್ಲಿಗೇ ನಿಲ್ಲುವುದಿಲ್ಲ. ವಾಸಿಯಾದವನು ಮತ್ತೆ ಎಲ್ಲರ ನಡುವೆ ಕುಳಿತುಕೊಳ್ಳುವುದು ಹೇಗೆ ಎಂಬುದಕ್ಕೂ ಒಂದು ವ್ಯವಸ್ಥೆ ಮಾಡುತ್ತದೆ. ಆ ಹಗುರ ಪ್ರಾಯಶ್ಚಿತ್ತ ಶಿಕ್ಷೆಗಿಂತ ಹೆಚ್ಚಾಗಿ ಮರುಪ್ರವೇಶದ ವಿಧಿ ಎಂದು ನಾನು ಓದಿಕೊಳ್ಳುತ್ತೇನೆ.

ಖಿತ್ತ–ದಿತ್ತಗಳೇ ಇಂದಿನ ಬೈಪೋಲಾರ್ ಎಂದು ಹೇಳುವುದು ನನ್ನ ಉದ್ದೇಶವಲ್ಲ. ಸೂತ್ರ ಹೇಳುವುದು ಇಬ್ಬರು ಬೇರೆ ಬೇರೆ ಭಿಕ್ಷುಗಳ ವಿಷಯ. ಒಬ್ಬನೇ ಮನುಷ್ಯನಲ್ಲಿ ಎರಡೂ ಸರದಿಯಂತೆ ಬರುವ ಮಾತು ಅಲ್ಲಿಲ್ಲ. ಆ ಸಂಬಂಧವನ್ನು ಕ್ರಿ.ಶ. 2ನೆಯ ಶತಮಾನದ ಆಸುಪಾಸಿನ ಗ್ರೀಕ್ ವೈದ್ಯ ಕಪಡೋಸಿಯದ ಅರಟೇಯಸ್ ಗುರುತಿಸಿದ್ದ. ಅದಕ್ಕೊಂದು ರೋಗದ ರೂಪ ಬಂದದ್ದು 1850ರ ದಶಕದ ಪ್ಯಾರಿಸ್ಸಿನಲ್ಲಿ. ಜ್ಯಾಂ-ಪಿಯರ್ ಫಾಲ್ರೆ ಮತ್ತು ಜೂಲ್ ಬೈಯಾರ್ಜೆ ಎಂಬ ಇಬ್ಬರು ವೈದ್ಯರು 1854ರಲ್ಲಿ ಬಹುತೇಕ ಒಂದೇ ರೋಗವನ್ನು ವರ್ಣಿಸಿ, ಮೊದಲು ಕಂಡವರು ಯಾರೆಂದು ಜಗಳವಾಡಿದರು. ಬೈಯಾರ್ಜೆ ಅದನ್ನು ಎರಡು ರೂಪದ ಹುಚ್ಚು ಎಂದರೆ, ಫಾಲ್ರೆ ಚಕ್ರಾಕಾರದ ಹುಚ್ಚು ಎಂದರು. ಈ ಹೆಸರುಗಳ ವ್ಯತ್ಯಾಸ ಸಣ್ಣದಲ್ಲ. ಉಬ್ಬರ, ಇಳಿತ, ಇವೆರಡರ ನಡುವೆ ಮನಸ್ಸು ತಿಳಿಯಾಗಿರುವ ಕಾಲ, ಈ ಮೂರೂ ಸೇರಿದರೆ ಫಾಲ್ರೆಯ ಚಕ್ರ ಪೂರ್ಣ. ಎಂದರೆ ಸ್ವಸ್ಥವಾಗಿರುವ ಕಾಲವೂ ಆ ಕಾಯಿಲೆಯ ಕಥೆಯೊಳಗೇ ಇದೆ. ಮುಂದೆ ಎಮಿಲ್ ಕ್ರೇಪೆಲಿನ್ 1899ರಲ್ಲಿ ಇದನ್ನೆಲ್ಲ ಒಟ್ಟುಗೂಡಿಸಿ ಉನ್ಮಾದ–ಖಿನ್ನತೆಯ ಕಾಯಿಲೆ ಎಂದರು. 1957ರಲ್ಲಿ ಕಾರ್ಲ್ ಲಿಯೋನ್‌ಹಾರ್ಡ್ ಎರಡು ಧ್ರುವಗಳ ರೂಪಕವನ್ನು ತಂದರು. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಬೈಪೋಲಾರ್ ಎಂಬ ಹೆಸರನ್ನು ಸ್ಥಿರಪಡಿಸಿತು. ಧ್ರುವಗಳ ರೂಪಕ ಗೆದ್ದ ಮೇಲೆ ಫಾಲ್ರೆಯ ಮೂರನೆಯ ಭಾಗ ವೈದ್ಯರ ಮಾತಿನಲ್ಲಿ ಹಿಂದೆ ಸರಿಯಿತು. ಈ ಕಾಯಿಲೆಯೊಡನೆ ಬದುಕಿದವರು ಬರೆದ ಪುಸ್ತಕಗಳಲ್ಲಿ ಮಾತ್ರ ಅದು ಉಳಿದಿದೆ. ಉಬ್ಬರದಲ್ಲಿ ಪುಟಗಟ್ಟಲೆ ಬರೆಯಬಹುದು, ಪುಸ್ತಕವಾಗುವುದು ಕಷ್ಟ. ಇಳಿತದಲ್ಲಿ ಲೇಖನಿಯೇ ಏಳುವುದಿಲ್ಲ. ಪುಸ್ತಕ ಹುಟ್ಟುವುದು ನಡುವಿನ ಕಾಲದಲ್ಲಿ. ಬಹುಮಟ್ಟಿಗೆ ಅದು ಹೇಳುವುದೂ ಆ ಕಾಲದ ಕಷ್ಟವನ್ನೇ.

ಕ್ಲಿಫರ್ಡ್ ಬಿಯರ್ಸ್ ಅವರ 'ಎ ಮೈಂಡ್ ದಟ್ ಫೌಂಡ್ ಇಟ್‌ಸೆಲ್ಫ್' 1908ರಲ್ಲಿ ಪ್ರಕಟವಾಯಿತು. ಬಿಯರ್ಸ್ 1876ರಲ್ಲಿ ಕನೆಕ್ಟಿಕಟ್ಟಿನ ನ್ಯೂ ಹೇವನ್‌ನಲ್ಲಿ ಹುಟ್ಟಿ, ಯೇಲ್‌ನಲ್ಲಿ ಓದಿ ಪದವಿ ಪಡೆದವರು. ಅಣ್ಣನೊಬ್ಬನಿಗೆ ಮೂರ್ಛೆರೋಗ ಬಂದದ್ದನ್ನು ಕಂಡು ತನಗೂ ಅದು ಬರುತ್ತದೆಂಬ ಭಯ ಅವರನ್ನು ಹಿಡಿಯಿತು. 1900ರ ಜೂನ್‌ನಲ್ಲಿ ಮನೆಯ ಕಿಟಕಿಯಿಂದ ಬಿದ್ದು ಸಾಯಲು ಯತ್ನಿಸಿ, ಪಾದದ ಮೂಳೆ ಮುರಿದುಕೊಂಡು ಬದುಕಿದರು. ಆಮೇಲೆ ಅವರಿಗೆ ಒಂದು ಭ್ರಮೆ ಗಟ್ಟಿಯಾಯಿತು: ತಾನು ಅಪರಾಧಿ, ಸುತ್ತಲಿರುವವರೆಲ್ಲ ಪತ್ತೇದಾರರು, ನೋಡಲು ಬರುವ ಬಂಧುಗಳು ವೇಷಧಾರಿಗಳು. ಬಹುಕಾಲ ಮಾತೇ ಬಿಟ್ಟರು. ಭ್ರಮೆಯಲ್ಲೂ ಅವರಿಗೆ ತರ್ಕ ತಪ್ಪಿರಲಿಲ್ಲ. ತನ್ನ ಸೋದರ ನಿಜವಾದವನೇ ಎಂದು ಪರೀಕ್ಷಿಸಲು ಒಂದು ಉಪಾಯ ಮಾಡಿದರು. ಇನ್ನೊಬ್ಬ ರೋಗಿಯ ನೆರವಿನಿಂದ ಮನೆಯ ವಿಳಾಸಕ್ಕೆ ಗುಟ್ಟಾಗಿ ಕಾಗದ ಬರೆದು, ಬರುವಾಗ ಈ ಕಾಗದವನ್ನೇ ಕೈಯಲ್ಲಿ ಹಿಡಿದು ಬಾ ಎಂದರು. ವೇಷಧಾರಿಯಾದರೆ ಕಾಗದ ಅವನಿಗೆ ಸಿಕ್ಕಿರುವುದಿಲ್ಲ. 1902ರ ಆಗಸ್ಟ್ 30ರಂದು ಸೋದರ ಬಂದು ಆ ಕಾಗದವನ್ನು ತೋರಿಸಿದ. ಎರಡು ವರ್ಷಗಳ ಭ್ರಮೆ ಆ ಕ್ಷಣದಲ್ಲಿ ಮುರಿದುಬಿತ್ತು. ಖಿನ್ನತೆಯ ದಿನಗಳನ್ನು ಬಿಯರ್ಸ್ ಲೆಕ್ಕ ಹಾಕಿ ಕೊಡುತ್ತಾರೆ: 798.

ಇದನ್ನು ಮೊದಲ ಸಲ ಓದಿದಾಗ ಕಥೆ ಇಲ್ಲಿ ಮುಗಿಯಿತೆಂದು ಅನ್ನಿಸುತ್ತದೆ. ಮುಗಿಯುವುದಿಲ್ಲ. ಭ್ರಮೆ ಹರಿದ ಮರುಗಳಿಗೆಯಿಂದ ಉಬ್ಬರ ಏರುತ್ತದೆ. ಬರೆಯಲು ಕೊಟ್ಟ ಕಾಗದ ಸಾಲದೆ ಸಾಮಾನು ಸುತ್ತುವ ಕಾಗದದ ಸುರುಳಿಗಳನ್ನು ತರಿಸಿಕೊಂಡು, ತುಂಡುಗಳನ್ನು ಒಂದಕ್ಕೊಂದು ಅಂಟಿಸಿ, ಅನೇಕ ಅಡಿ ಉದ್ದದ ಪತ್ರಗಳನ್ನು ಬರೆಯುತ್ತಾರೆ. ಜಗತ್ತಿನ ಆಸ್ಪತ್ರೆಗಳನ್ನೆಲ್ಲ ಸುಧಾರಿಸುವುದು ತನ್ನ ಹೊಣೆಯೆಂದು ನಿಶ್ಚಯಿಸಿ, ಅತಿ ಕೆಟ್ಟ ವಾರ್ಡನ್ನು ಕಣ್ಣಾರೆ ನೋಡಲೆಂದು ಬೇಕೆಂದೇ ಗಲಾಟೆ ಮಾಡಿ ಅಲ್ಲಿಗೆ ಹಾಕಿಸಿಕೊಳ್ಳುತ್ತಾರೆ. ಅಲ್ಲಿ ಅವರಿಗೆ ಕೈಕಟ್ಟಿನ ಅಂಗಿ ತೊಡಿಸಿದರು. ಪರಿಚಾರಕರು ರೋಗಿಗಳನ್ನು ಹೊಡೆಯುವುದನ್ನು ಕಂಡರು. ತಾವೂ ಹೊಡೆತ ತಿಂದರು. ಕನೆಕ್ಟಿಕಟ್ಟಿನ ಗವರ್ನರನಿಗೇ ದೀರ್ಘ ದೂರು ಬರೆದರು. 1903ರಲ್ಲಿ ಬಿಡುಗಡೆಯಾಯಿತು.

ಸಾಹಿತ್ಯ ಚರಿತ್ರೆಯ ದೃಷ್ಟಿಯಿಂದ ಕುತೂಹಲದ ಸಂಗತಿ ಇದರ ನಂತರದ್ದು. ಸುಧಾರಣೆಯ ಆ ಮಹಾಯೋಜನೆ ಹುಟ್ಟಿದ್ದು ಉಬ್ಬರದಲ್ಲಿ. ಹಾಗಿದ್ದರೆ ಅದು ರೋಗದ ಲಕ್ಷಣವೋ, ವಿವೇಕದ ಮಾತೋ? 1905ರ ಆರಂಭದಲ್ಲಿ ಪುಸ್ತಕದ ಯೋಚನೆ ತಲೆಗೇರಿದಾಗ ಮತ್ತೆ ಉಬ್ಬರದ ಸೂಚನೆ ಕಂಡಿತು. ಮನೆಯವರ ಮಾತಿಗೆ ಒಪ್ಪಿ ಬಿಯರ್ಸ್ ತಾವಾಗಿಯೇ ಆಸ್ಪತ್ರೆಗೆ ಮರಳಿದರು. ಅಲ್ಲಿಂದ ಹೊರಬಂದು, ಕರಡನ್ನು ತಿದ್ದಿ, ತತ್ತ್ವಜ್ಞಾನಿ ವಿಲಿಯಂ ಜೇಮ್ಸ್ ಅವರಿಗೆ ಕಳುಹಿಸಿದರು. ಜೇಮ್ಸ್ ಬರೆದ ಪತ್ರ ಪುಸ್ತಕದ ಮೊದಲಲ್ಲಿ ಅಚ್ಚಾಯಿತು. ಮನೋವೈದ್ಯ ಅಡಾಲ್ಫ್ ಮೇಯರ್ ಈ ಚಳವಳಿಗೆ ಮಾನಸಿಕ ಸ್ವಾಸ್ಥ್ಯದ ಹೆಸರು ಸೂಚಿಸಿದರು. ಪುಸ್ತಕ ಬಂದ ವರ್ಷವೇ ಕನೆಕ್ಟಿಕಟ್ಟಿನ ಸಂಘ, 1909ರಲ್ಲಿ ರಾಷ್ಟ್ರೀಯ ಸಮಿತಿ ಸ್ಥಾಪನೆಯಾದವು. ಉಬ್ಬರದಲ್ಲಿ ಕಂಡದ್ದನ್ನು ತಿಳಿಯಾದ ಮನಸ್ಸು ಕುಳಿತು ಸೋಸಿತು. ಹುರುಳಿರುವುದನ್ನು ಉಳಿಸಿಕೊಂಡು ಇತರರ ಮುಂದೆ ಇಟ್ಟಿತು. ಗದ್ಯವಾಗಿ ಪುಸ್ತಕ ಅಷ್ಟೇನೂ ಚೆನ್ನಾಗಿಲ್ಲ. ತನ್ನ ಜಾಣತನವನ್ನು ತಾನೇ ಮೆಚ್ಚಿಕೊಳ್ಳುವ ಚಪಲ ಬಿಯರ್ಸ್‌ಗೆ ಇದೆ. ಆದರೆ ರೋಗಿಯೊಬ್ಬನ ಮಾತು ಸಾಕ್ಷ್ಯವಾಗಿ ನಿಲ್ಲಬಲ್ಲದೆಂದು ಇದರಷ್ಟು ಬಲವಾಗಿ ಸ್ಥಾಪಿಸಿದ ಪುಸ್ತಕ ಅದಕ್ಕೆ ಮೊದಲು ಬಂದಿರಲಿಲ್ಲವೆಂದೇ ನನ್ನ ಎಣಿಕೆ. ಆ ಪುಸ್ತಕದಲ್ಲಿ ಇಲ್ಲದ ಒಂದು ಅಧ್ಯಾಯವನ್ನೂ ಓದುಗರು ತಿಳಿದಿರಬೇಕು. 1939ರಲ್ಲಿ ಬಿಯರ್ಸ್ ರೋಡ್ ಐಲೆಂಡಿನ ಬಟ್ಲರ್ ಆಸ್ಪತ್ರೆಗೆ ರೋಗಿಯಾಗಿ ತಾವೇ ಸೇರಿದರು. 1943ರಲ್ಲಿ ಅಲ್ಲಿಯೇ ತೀರಿಕೊಂಡರು.

ಬಿಯರ್ಸ್ ತಮ್ಮ ಹೆಸರಿನಲ್ಲೇ ಬರೆದರು. ನಲವತ್ತಮೂರು ವರ್ಷಗಳ ನಂತರ, 1951ರಲ್ಲಿ, ಇಂಗ್ಲೆಂಡಿನ 'ವಿಸ್ಡಂ, ಮ್ಯಾಡ್‌ನೆಸ್ ಅಂಡ್ ಫಾಲಿ'ಯ ಲೇಖಕರಿಗೆ ಅದು ಸಾಧ್ಯವಾಗಲಿಲ್ಲ. ಜಾನ್ ಕಸ್ಟನ್ಸ್ ಎಂಬುದು ಕಾವ್ಯನಾಮ. ಉಪಶೀರ್ಷಿಕೆಯಲ್ಲಿ ಮಾತ್ರ ಹುಚ್ಚನ ತತ್ತ್ವಶಾಸ್ತ್ರವೆಂದು ಧೈರ್ಯವಾಗಿ ಹಾಕಿಕೊಂಡಿದ್ದಾರೆ. ಕಾರ್ಲ್ ಯುಂಗ್ ಈ ಪುಸ್ತಕಕ್ಕೆ ಮುನ್ನುಡಿ ಬರೆದಿದ್ದಾರೆ. ದೀಪ್ತಚಿತ್ತದ ಒಳಗಿನಿಂದ ಬಂದ ವರ್ಣನೆ ಬೇಕಾದವರು ಇದನ್ನು ಓದಬೇಕು: ದೀಪಗಳ ಸುತ್ತ ಪ್ರಭೆ, ವಸ್ತುಗಳೆಲ್ಲ ತನ್ನವೇ ಎಂಬ ನಂಟು, ಪಾಪಗಳೆಲ್ಲ ತೊಳೆದುಹೋದ ಹಗುರ. ಇಳಿತದಲ್ಲಿ ಅದೇ ವಸ್ತುಗಳು ಪಿಶಾಚಿಯ ಮುಖ ತೋರುತ್ತವೆ. ತನ್ನ ದೇಹವೇ ಹೇಸಿಕೆಯಾಗುತ್ತದೆ. ಎರಡು ಸ್ಥಿತಿಗಳನ್ನೂ ಕಸ್ಟನ್ಸ್ ಎದುರುಬದುರಾಗಿ ಇಡುತ್ತಾರೆ. ಆದರೆ ಉಬ್ಬರದ ದರ್ಶನದ ಮೇಲೆ ಒಂದು ತತ್ತ್ವಶಾಸ್ತ್ರವನ್ನೇ ಕಟ್ಟಲು ಹೊರಟಾಗ ಓದುಗ ಹಿಂಜರಿಯುತ್ತಾನೆ. ಬಿಯರ್ಸ್ ಮಾಡಿದ ಸೋಸುವಿಕೆ ಇಲ್ಲಿ ನಡೆದಿಲ್ಲ. ಅನುಭಾವಸಾಹಿತ್ಯದ ಅಧ್ಯಯನ ಮಾಡುವವರು ಇದನ್ನು ಅವಸರದಲ್ಲಿ ತಮ್ಮ ವಾದಕ್ಕೆ ಎಳೆದುಕೊಳ್ಳದಿದ್ದರೆ ಒಳ್ಳೆಯದು; ಸಾಧನೆಯಿಂದ ಬಂದದ್ದಕ್ಕೂ ರೋಗದಿಂದ ಬಂದದ್ದಕ್ಕೂ ವರ್ಣನೆ ಒಂದೇ ಆದ ಮಾತ್ರಕ್ಕೆ ಮೂಲ ಒಂದೇ ಆಗುವುದಿಲ್ಲ.

ಕಸ್ಟನ್ಸ್ ಪುಸ್ತಕ ಬರುವುದಕ್ಕೆ ಎರಡು ವರ್ಷ ಮೊದಲು, 1949ರ ಸೆಪ್ಟೆಂಬರಿನಲ್ಲಿ, ಆಸ್ಟ್ರೇಲಿಯಾದ ಒಂದು ವೈದ್ಯಪತ್ರಿಕೆಯಲ್ಲಿ ಜಾನ್ ಕೇಡ್ ಎಂಬ ವೈದ್ಯರ ಸಣ್ಣ ಲೇಖನ ಪ್ರಕಟವಾಗಿತ್ತು. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರ ಸೆರೆಯಲ್ಲಿದ್ದು ಮರಳಿದ ಕೇಡ್, ಲಿಥಿಯಂ ಲವಣವನ್ನು ಮೊದಲು ಗಿನಿಯಿಲಿಗಳ ಮೇಲೆ, ಆಮೇಲೆ ತಮ್ಮ ಮೇಲೆ, ಅನಂತರ ಹತ್ತು ಮಂದಿ ಉಬ್ಬರದ ರೋಗಿಗಳ ಮೇಲೆ ಪ್ರಯೋಗಿಸಿ ಆಶ್ಚರ್ಯಕರ ಫಲ ಕಂಡಿದ್ದರು. ಪ್ರಮಾಣ ಹೆಚ್ಚಾದರೆ ಲಿಥಿಯಂ ವಿಷ. ಕೇಡ್ ಅವರ ಮೊದಲ ರೋಗಿಯೇ ಮರುವರ್ಷ ಅದಕ್ಕೆ ಬಲಿಯಾದ. ಡೆನ್ಮಾರ್ಕಿನ ಮೋಗನ್ಸ್ ಶೌ 1954ರಿಂದ ಕ್ರಮಬದ್ಧ ಪರೀಕ್ಷೆಗಳನ್ನು ನಡೆಸಿದರು. ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1970ರಲ್ಲಿ. ಇದು ವೈದ್ಯಚರಿತ್ರೆಯ ವಿಷಯವಾದರೂ ಇಲ್ಲಿ ಹೇಳಲು ಕಾರಣವಿದೆ. ಲಿಥಿಯಂ ಬಂದ ಮೇಲೆ ಆತ್ಮಕಥನದ ರಚನೆಯೇ ಬದಲಾಯಿತು. ಹಿಂದೆ ನಡುವಿನ ಕಾಲ ತಾನಾಗಿ ಬಂದು ತಾನಾಗಿ ಹೋಗುತ್ತಿತ್ತು. ಈಗ ಅದನ್ನು ದಿನವೂ ಗುಳಿಗೆಯಿಂದ ಉಳಿಸಿಕೊಳ್ಳಬೇಕು. ಉಳಿಸಿಕೊಳ್ಳಲು ಇಷ್ಟವಿದೆಯೇ ಎಂಬ ಪ್ರಶ್ನೆ ಹೊಸದಾಗಿ ಹುಟ್ಟಿತು.

ಕೇ ರೆಡ್‌ಫೀಲ್ಡ್ ಜೇಮಿಸನ್ ಅವರ 'ಆನ್ ಅನ್‌ಕ್ವಯಟ್ ಮೈಂಡ್' ನಿಂತಿರುವುದು ಈ ಪ್ರಶ್ನೆಯ ಮೇಲೆ. ಅವರು ಮನಶ್ಶಾಸ್ತ್ರಜ್ಞೆ. 1974ರಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮನೋವೈದ್ಯ ವಿಭಾಗದಲ್ಲಿ ಅಧ್ಯಾಪಕಿಯಾದ ಕೆಲವೇ ತಿಂಗಳಲ್ಲಿ ತೀವ್ರ ಉಬ್ಬರಕ್ಕೆ ಸಿಕ್ಕಿದರು. ಇದ್ದ ಹಣ, ಇಲ್ಲದ ಹಣ ಎರಡನ್ನೂ ಖರ್ಚು ಮಾಡಿದರು. ಕೊಂಡ ವಸ್ತುಗಳಲ್ಲಿ ಹಾವು ಕಡಿತದ ಚಿಕಿತ್ಸೆಯ ಪೆಟ್ಟಿಗೆಗಳು ಒಂದು ರಾಶಿ. ಉಬ್ಬರ ಇಳಿದ ಮೇಲೆ ಬಿಲ್ಲುಗಳ ಕಟ್ಟು ಎದುರಿಗೆ ಬಂತು. ಅವರ ಅಣ್ಣ ದೇಶದ ಇನ್ನೊಂದು ಅಂಚಿನಿಂದ ಬಂದು, ನೆಲದ ಮೇಲೆ ಕಾಗದಗಳನ್ನು ಹರಡಿಕೊಂಡು ಲೆಕ್ಕ ಹಾಕಿ, ತನ್ನ ಹೆಸರಿನಲ್ಲಿ ಸಾಲ ತೆಗೆದು ತೀರಿಸಿದ. ಉನ್ಮಾದದ ಎಷ್ಟೋ ಬಣ್ಣದ ವರ್ಣನೆಗಳಿಗಿಂತ ಈ ಪ್ರಸಂಗ ನನಗೆ ದೊಡ್ಡದಾಗಿ ಕಾಣುತ್ತದೆ. ವ್ಯವಹಾರಸೂತ್ರದ ಪ್ರಾಯಶ್ಚಿತ್ತ ಎಷ್ಟು ಲಘುವಾಗಿರಬೇಕು, ಅದನ್ನು ಯಾರು ಯಾರ ಪಕ್ಕದಲ್ಲಿ ಕುಳಿತು ಮಾಡಿಸಬೇಕು ಎಂಬುದಕ್ಕೆ ಒಂದು ಟೀಕೆಯ ಹಾಗಿದೆ ಅದು.

ರೋಗವನ್ನು ಬಲ್ಲ ಈ ವಿದುಷಿ ವರ್ಷಗಳ ಕಾಲ ಲಿಥಿಯಂ ತೆಗೆದುಕೊಳ್ಳಲು ಹಟ ಮಾಡಿದರು. ಏಕೆಂಬುದನ್ನು ಪುಸ್ತಕ ಮರೆಮಾಚುವುದಿಲ್ಲ. ಉಬ್ಬರದ ಮೊದಲ ಮೆಟ್ಟಿಲುಗಳ ವೇಗ ಮತ್ತು ಸೌಂದರ್ಯ ಕೈಬಿಟ್ಟುಹೋಗುವ ಭಯ ಒಂದು. ಇನ್ನೊಂದು ಸಾಹಿತ್ಯಪ್ರಿಯರಿಗೆ ಕೂಡಲೇ ತಾಗುವಂಥದು: ಆಗಿನ ಹೆಚ್ಚಿನ ಪ್ರಮಾಣದ ಔಷಧ ಕಣ್ಣನ್ನೂ ಗಮನವನ್ನೂ ಮಂಜು ಮಾಡಿದ್ದರಿಂದ ಗಂಭೀರ ಪುಸ್ತಕವೊಂದನ್ನು ಮೊದಲಿನಿಂದ ಕೊನೆಯವರೆಗೆ ಓದುವುದು ವರ್ಷಗಟ್ಟಲೆ ಅವರಿಂದಾಗಲಿಲ್ಲ. ಔಷಧ ಬಿಟ್ಟಾಗ ಬಂದ ಖಿನ್ನತೆ ಆತ್ಮಹತ್ಯೆಯ ಯತ್ನದವರೆಗೆ ಕೊಂಡೊಯ್ದಿತು. ಕೊನೆಗೆ ಲಿಥಿಯಂ ಮತ್ತು ನಂಬಿಕೆಯ ವೈದ್ಯರೊಡನೆ ಮಾತುಕತೆ, ಇವೆರಡೂ ಸೇರಿ ಬದುಕಿಸಿದವು ಎಂದು ಅವರು ಸ್ಪಷ್ಟವಾಗಿ ಒಪ್ಪಿಕೊಂಡಿದ್ದಾರೆ. ಬೈಪೋಲಾರ್ ಎಂಬ ಹೆಸರನ್ನು ಮಾತ್ರ ಅವರು ಒಪ್ಪುವುದಿಲ್ಲ. ಹಳೆಯ ಉನ್ಮಾದ–ಖಿನ್ನತೆಯ ಹೆಸರೇ ಅನುಭವಕ್ಕೆ ಹತ್ತಿರವೆನ್ನುತ್ತಾರೆ.

1990ರಲ್ಲಿ ಫ್ರೆಡರಿಕ್ ಗುಡ್ವಿನ್ ಅವರೊಡನೆ ಜೇಮಿಸನ್ ಈ ರೋಗದ ಮೇಲೆ ಬೃಹತ್ ಪಠ್ಯಗ್ರಂಥವೊಂದನ್ನು ರಚಿಸಿದರು. ಅದನ್ನು ಓದಿದ ವೈದ್ಯರಲ್ಲಿ ಬಹುಮಂದಿಗೆ ಇಬ್ಬರು ಲೇಖಕರಲ್ಲಿ ಒಬ್ಬರು ಅದೇ ರೋಗದವರೆಂದು ತಿಳಿದಿರಲಿಲ್ಲ. ಐದು ವರ್ಷಗಳ ನಂತರ ಆತ್ಮಕಥನ ಹೊರತಂದಾಗ ಪಣಕ್ಕಿಟ್ಟದ್ದು ವೃತ್ತಿಯನ್ನೇ: ರೋಗಿಗಳನ್ನು ನೋಡುವ ಅಧಿಕಾರ, ಸಹೋದ್ಯೋಗಿಗಳ ಕಣ್ಣಲ್ಲಿ ತಮ್ಮ ಸಂಶೋಧನೆಯ ತೂಕ. ಜಾನ್ಸ್ ಹಾಪ್‌ಕಿನ್ಸ್‌ಗೆ ಸೇರುವಾಗ ವಿಭಾಗದ ಮುಖ್ಯಸ್ಥರ ಮುಂದೆ ನಡುಗುತ್ತ ವಿಷಯ ಹೇಳಿಕೊಂಡ ಪ್ರಸಂಗ ಪುಸ್ತಕದಲ್ಲಿದೆ. ಅವರು ತಮಗೆ ಅದು ಮೊದಲೇ ಗೊತ್ತೆಂದು ನಗುನಗುತ್ತ ತಳ್ಳಿಹಾಕಿದರಂತೆ. ಗಣಾವಚ್ಛೇದಕನ ಕರ್ತವ್ಯ ಅಲ್ಲಿ ನೆರವೇರಿತು. ಜೇಮಿಸನ್ ಅವರ ಗದ್ಯ ಕೆಲವೆಡೆ ಅತಿಯಾಗಿ ಅಲಂಕೃತ. ಪ್ರೇಮ ಮತ್ತು ಕಡಲಿನ ಪುಟಗಳನ್ನು ನಾನು ಬೇಗ ದಾಟುತ್ತೇನೆ. ಅವರದೇ 'ಟಚ್ಡ್ ವಿತ್ ಫೈರ್' (1993) ಬಗ್ಗೆ ಇನ್ನೊಂದು ಅಸಮಾಧಾನವಿದೆ. ಬೈರನ್ ಮೊದಲಾದ ಕವಿಗಳಿಗೆ ಕಾಲಾನಂತರದಲ್ಲಿ ರೋಗನಿರ್ಣಯ ಮಾಡುವ ಆ ಪುಸ್ತಕ ಎಚ್ಚರಿಕೆಯಿಂದಲೇ ಬರೆದದ್ದು. ಎಚ್ಚರಿಕೆಯ ಭಾಗವನ್ನು ಬಿಟ್ಟು ಉಳಿದುದನ್ನು ಮಾತ್ರ ಎತ್ತಿಕೊಂಡು ಪ್ರತಿಭೆಗೂ ಹುಚ್ಚಿಗೂ ಗಂಟು ಹಾಕುವ ಪ್ರಬಂಧಗಳಿಗೆ ಅದು ದಾರಿ ಮಾಡಿತು. ಸತ್ತ ಕವಿ ಔಷಧ ಬೇಡವೆನ್ನಲಾರ, ನಿಮ್ಮ ನಿರ್ಣಯ ತಪ್ಪೆಂದೂ ಹೇಳಲಾರ.

ಹೇಳಬಲ್ಲ ಒಬ್ಬರು ಹೇಳಿದರು. 'ಸೆಕ್ಷುಯಲ್ ಪಾಲಿಟಿಕ್ಸ್' ಬರೆದು ಪ್ರಸಿದ್ಧರಾದ ಕೇಟ್ ಮಿಲೆಟ್ ಅವರ 'ದಿ ಲೂನಿ-ಬಿನ್ ಟ್ರಿಪ್' 1990ರ ಪುಸ್ತಕ. ಏಳು ವರ್ಷ ಲಿಥಿಯಂ ಸೇವಿಸಿ, 1980ರಲ್ಲಿ ತಮ್ಮ ತೋಟದ ಮನೆಯಲ್ಲಿ ಅದನ್ನು ನಿಲ್ಲಿಸಿದ ಬೇಸಗೆಯ ಕಥೆ ಅದು. ನಿಲ್ಲಿಸಿದ ಸುದ್ದಿ ತಿಳಿದ ಕ್ಷಣದಿಂದ ಗೆಳತಿಯರು ಅವರ ಒಂದೊಂದು ಸಿಟ್ಟಿನ ಮಾತನ್ನೂ, ಒಂದೊಂದು ಸಂತೋಷವನ್ನೂ ಲಕ್ಷಣವಾಗಿ ಓದತೊಡಗುತ್ತಾರೆ. ಮುಂದೆ ಐರ್ಲೆಂಡಿನಲ್ಲಿ ಅವರನ್ನು ಬಲವಂತವಾಗಿ ಆಸ್ಪತ್ರೆಗೆ ಹಾಕಲಾಗುತ್ತದೆ. ರೋಗವೆಂಬ ಹೆಸರನ್ನೇ ಮಿಲೆಟ್ ನಿರಾಕರಿಸುತ್ತಾರೆ. ಅವರ ನಿಲುವು ನನಗೆ ಒಪ್ಪಿಗೆಯಿಲ್ಲ. ಔಷಧ ಬಿಟ್ಟು ಜೀವ ಕಳೆದುಕೊಂಡವರ ಎದುರು ಅದು ನಿಲ್ಲುವುದಿಲ್ಲ. ಆದರೂ ಜೇಮಿಸನ್ ಅವರನ್ನು ಓದಿದವರು ಮಿಲೆಟ್ ಅವರನ್ನೂ ಓದಬೇಕು. ಒಮ್ಮೆ ರೋಗಿಯೆಂದು ಹೆಸರಾದವರಿಗೆ ನಡುವಿನ ಕಾಲವನ್ನು ಇತರರು ಎಷ್ಟು ಕಡಿಮೆ ನಂಬಿಕೆಯಿಂದ ಕೊಡುತ್ತಾರೆ ಎಂಬುದು ಅಲ್ಲಿ ಪುಟಪುಟದಲ್ಲೂ ಚುಚ್ಚುತ್ತದೆ.

ನಮ್ಮ ದೇಶದಲ್ಲಿ ಈ ಬಗೆಯ ಬರಹ ತಡವಾಗಿ ಬಂದದ್ದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಜೈನರಿಗೂ ಅನ್ವಯಿಸುವ 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಒಂದು ಮಟ್ಟ ಮೀರಿದ ಮಾನಸಿಕ ಕಾಯಿಲೆ ವಿಚ್ಛೇದನಕ್ಕೆ ಆಧಾರವಾಗಬಲ್ಲದು. ತನ್ನ ಹೆಸರಿನಲ್ಲಿ ಪುಸ್ತಕ ಬರೆಯುವವಳು ಎದುರು ಪಕ್ಷದ ವಕೀಲನಿಗೆ ಸಾಕ್ಷ್ಯ ಒದಗಿಸಿಕೊಟ್ಟಂತೆ. ತಂಗಿಯ ಮದುವೆ, ಆಸ್ತಿಯ ಪಾಲು, ಕೆಲಸದ ಖಾಯಮಾತಿ, ಇವೆಲ್ಲವೂ ಆ ಮುಖಪುಟಕ್ಕೆ ತಗುಲಿಕೊಂಡಿರುತ್ತವೆ. ಕನ್ನಡದಲ್ಲಿ ಮನೋರೋಗದ ಬಗ್ಗೆ ಬರಹ ಕಡಿಮೆಯೇನಲ್ಲ, ಬಹುಪಾಲು ವೈದ್ಯರದು. 'ಕೊರವಂಜಿ'ಯ ಸಂಪಾದಕರಾಗಿ ನಾಡನ್ನು ನಗಿಸಿದ ರಾಶಿ, ಎಂದರೆ ಡಾ. ಎಂ. ಶಿವರಾಂ, 'ಮನಮಂಥನ'ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಆ ಪರಂಪರೆಯ ಘನತೆ ದೊಡ್ಡದು. ಆದರೆ ವೈದ್ಯರು ಹೇಳುವ ಪ್ರಕರಣ ಸಾಮಾನ್ಯವಾಗಿ ರೋಗಿ ಮನೆಗೆ ಹೊರಟಲ್ಲಿಗೆ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಬರೆಯುವ ಭಾರತೀಯರು ಈಚೆಗೆ ಮನೆಯೊಳಗಿನ ಕಥೆಯನ್ನು ಸ್ವಂತ ಹೆಸರಿನಲ್ಲಿ ಹೇಳತೊಡಗಿದ್ದಾರೆ. ಶ್ರೀವತ್ಸ ನೇವಟಿಯಾ ಅವರ 'ಹೌ ಟು ಟ್ರಾವೆಲ್ ಲೈಟ್' 2017ರಲ್ಲಿ ಬಂತು; ಹೊಸ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಅದೇ ವರ್ಷದ್ದು. ಅಪರ್ಣಾ ಪಿರಮಲ್ ರಾಜೆ ಅವರ 'ಕೆಮಿಕಲ್ ಖಿಚಡಿ' 2022ರದು.

ಇವೆಲ್ಲಕ್ಕಿಂತ ಮೊದಲಿನದಾದರೂ ಕೊನೆಗೆಂದು ಉಳಿಸಿಕೊಂಡದ್ದು ಜೆರ್ರಿ ಪಿಂಟೊ ಅವರ 'ಎಂ ಅಂಡ್ ದಿ ಬಿಗ್ ಹೂಂ' (2012). ಇದು ಕಾದಂಬರಿ, ತಮ್ಮ ಮನೆಯ ಬದುಕಿನಿಂದಲೇ ಇದು ಮೂಡಿತೆಂದು ಲೇಖಕರು ಹೇಳಿದ್ದಾರೆ. ಬರೆಯಲು ಎರಡು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು. 2016ರಲ್ಲಿ ಇದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮುಂಬಯಿಯ ಮಾಹಿಮಿನ ಒಂದು ಚಿಕ್ಕ ಮನೆ, ಗೋವೆಯ ಮೂಲದ ಕ್ಯಾಥಲಿಕ್ ಕುಟುಂಬ. ತಾಯಿ ಇಮೆಲ್ಡಾ, ತಂದೆ ಆಗಸ್ಟಿನ್, ಮಗಳು ಸೂಸನ್, ಹೆಸರಿಲ್ಲದ ಮಗ. ನಾಲ್ವರಿಗೂ ಅಡಗಲು ಜಾಗವಿಲ್ಲ. ಮಕ್ಕಳು ಎಂ ಎಂದು ಕರೆಯುವ ಆ ತಾಯಿ ಉಬ್ಬರದಲ್ಲಿ ಬೀಡಿ ಸೇದುತ್ತ, ಚಹಾ ಕುಡಿಯುತ್ತ, ಮಕ್ಕಳ ಮುಂದೆ ಆಡಬಾರದ್ದನ್ನೆಲ್ಲ ಆಡುತ್ತಾಳೆ. ಮನೆ ನಗುತ್ತದೆ, ಗಾಯಗೊಳ್ಳುತ್ತದೆ. ಇಳಿತದಲ್ಲಿ ಸಾವನ್ನು ಬೇಡುತ್ತಾಳೆ, ಯತ್ನಿಸುತ್ತಾಳೆ; ಜೆ.ಜೆ. ಆಸ್ಪತ್ರೆಯ ವಾರ್ಡಿಗೆ ಹೋಗುತ್ತಾಳೆ, ಬರುತ್ತಾಳೆ. ಎಂ ಸ್ವತಃ ಪುಸ್ತಕ ಬರೆದವಳಲ್ಲ. ಅವಳ ಪತ್ರಗಳು, ದಿನಚರಿಯ ಹಾಳೆಗಳು ಮನೆಯಲ್ಲಿ ಉಳಿದಿವೆ. ಕಾಯಿಲೆಗೆ ಮೊದಲು ಈಕೆ ಯಾರಾಗಿದ್ದಳು, ತಂದೆಯನ್ನು ಹೇಗೆ ಮೆಚ್ಚಿದಳು ಎಂದು ತಿಳಿಯಲು ಮಗ ಅವುಗಳನ್ನು ಕೆದಕುತ್ತಾನೆ, ಅವಳು ತಿಳಿಯಾಗಿದ್ದಾಗ ಕೇಳಿ ಬರೆದುಕೊಳ್ಳುತ್ತಾನೆ. ತನಗೂ ಇದು ಬಂದೀತೇ ಎಂಬ ಭಯ, ಬಿಯರ್ಸ್ ಅವರನ್ನು ಮುರಿದ ಅದೇ ಭಯ, ಅವನ ಪ್ರಶ್ನೆಗಳ ಅಡಿಯಲ್ಲಿದೆ. ಇನ್ನು ತಂದೆ. ಆತ ಸಿದ್ಧಾಂತ ಹೇಳುವುದಿಲ್ಲ, ತ್ಯಾಗವೆಂದು ಕರೆದುಕೊಳ್ಳುವುದಿಲ್ಲ. ಕೆಲಸಕ್ಕೆ ಹೋಗುತ್ತಾನೆ, ಆಸ್ಪತ್ರೆಗೆ ಹೋಗುತ್ತಾನೆ, ಅಡುಗೆ ಮಾಡುತ್ತಾನೆ, ಹೆಂಡತಿಯ ಬೈಗುಳ ಕೇಳುತ್ತಾನೆ. ದಣಿವಿಲ್ಲದೆ ಎಂದು ಸೂತ್ರ ಹೇಳುವಾಗ ಅದರ ಅರ್ಥ ದಣಿಯುವುದೇ ಇಲ್ಲವೆಂದಲ್ಲ, ದಣಿವನ್ನು ಕಾರಣವಾಗಿ ಹೇಳುವುದಿಲ್ಲವೆಂದು, ಎಂಬುದು ಈ ಪಾತ್ರವನ್ನು ಓದಿದ ಮೇಲೆ ನನಗೆ ಹೊಳೆಯಿತು.

ಕಾದಂಬರಿಯ ಕೊನೆಯಲ್ಲಿ ಎಂ ಸಾಯುತ್ತಾಳೆ. ಹೃದಯ ನಿಂತು, ಎಲ್ಲ ತಾಯಂದಿರಂತೆ. ಮೂವರೂ ಅಷ್ಟು ವರ್ಷ ಕಾವಲು ಕೂತದ್ದು ಬೇರೊಂದು ಸಾವಿಗೆ.